8888ನೇ ಬಾಗಿಲು ಯಾರದು?

ದೀಪಾವಳಿಗೆ ಕಮಲನಗರಕ್ಕೆ ಬಂದಿದ್ದ ಅಕ್ಕನ ಮಗಳು ರಾತ್ರಿ ಹತ್ತರ ಸುಮಾರಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಕೂತಳು. "ಮಾಮಾ, ನನ್ ಟೋಕನ್ ಹಾಕಿದ್ರ ತಗೋವಲ್ದು ನೋಡ್ರಿ."

ಎಂ.ಟೆಕ್ ಓದುವ ಹುಡುಗಿ. ತೊಗರಿ ಇಳುವರಿಯ ಲೆಕ್ಕವನ್ನು ಕಾಲೇಜಿನ ದೊಡ್ಡ ಸರ್ವರ್ ಮೇಲೆ ಓಡಿಸುತ್ತಾಳೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಇಲ್ಲಿಂದಲೇ ಅದಕ್ಕೆ ಲಾಗಿನ್ ಆಗಿ ಜುಪಿಟರ್ ಎಂಬ ಪ್ರೋಗ್ರಾಂ ಶುರು ಮಾಡಿದ್ದಳು. ಬ್ರೌಸರಿನಲ್ಲಿ ಪುಟ ಬಂದಿತ್ತು, ಪಾಸ್‌ವರ್ಡ್ ತರಹದ ಟೋಕನ್ ಕೇಳುತ್ತಿತ್ತು. ಮೂರು ಸಲ ಹಾಕಿದರೂ ಒಪ್ಪಲಿಲ್ಲ. ಕಪ್ಪು ಪರದೆಯಲ್ಲಿ ಮೇಲಕ್ಕೆ ಹೋಗಿ ಓದಿದೆವು. 8888ನೇ ಪೋರ್ಟ್ ಖಾಲಿ ಇಲ್ಲ, 8889 ಹಿಡಿದಿದ್ದೇನೆ ಎಂದು ಜುಪಿಟರ್ ಒಂದು ಸಾಲು ಬರೆದಿತ್ತು. ಅಂದರೆ ಇವಳು ಅಷ್ಟು ಹೊತ್ತು ತಟ್ಟಿದ್ದು ಬೇರೊಬ್ಬ ವಿದ್ಯಾರ್ಥಿಯ ಬಾಗಿಲು.

ಸರ್ವರ್ ಎಂದರೆ ನಾವು ಯಂತ್ರ ಎಂದುಕೊಳ್ಳುತ್ತೇವೆ. ಯಾರಾದರೂ ಬಂದು ಕರೆಯಲಿ ಎಂದು ಕಾಯುತ್ತಾ ಕೂತ ಪ್ರೋಗ್ರಾಮೂ ಸರ್ವರೇ. ಅದು ಕಾಯುವ ಜಾಗಕ್ಕೆ ಪೋರ್ಟ್ ಎಂದು ಹೆಸರು. 1ರಿಂದ 65,535ರವರೆಗೆ ನಂಬರುಗಳಿವೆ. ಹತ್ತಾರು ಜನ ಬಳಸುವ ಯಂತ್ರದಲ್ಲಿಯೂ ಅಷ್ಟೇ ನಂಬರು, ಮೊದಲು ಬಂದವರಿಗೆ ಮೊದಲು.

ನಮ್ಮ ಕಡೆಯ ಹಳೆಯ ವಾಡೆಗಳನ್ನು ನೆನೆಸಿಕೊಳ್ಳಿ. ನಾಲ್ಕಾರು ಸಂಸಾರ, ಅವರವರ ಕೋಣೆಗೆ ಅವರವರ ಬೀಗ, ನಡುವೆ ಎಲ್ಲರದೂ ಆದ ಅಂಗಳ. ಯುನಿಕ್ಸ್, ಲಿನಕ್ಸ್ ಯಂತ್ರಗಳಲ್ಲಿ ಫೈಲುಗಳು ಕೋಣೆಯ ಸಾಮಾನು ಇದ್ದ ಹಾಗೆ. ಪ್ರತಿಯೊಂದಕ್ಕೂ ಒಡೆಯರ ಹೆಸರಿದೆ, ಯಾರು ಮುಟ್ಟಬಹುದು ಎಂಬ ಕಟ್ಟು ಇದೆ. ಪೋರ್ಟುಗಳು ಮಾತ್ರ ಅಂಗಳದಲ್ಲಿವೆ. 'ಲೋಕಲ್‌ಹೋಸ್ಟ್' ಎಂದು ಬರೆದುಕೊಂಡರೆ ಹೊರಗಿನವರು ಒಳಗೆ ಬರುವುದಿಲ್ಲ, ನಿಜ. ಆದರೆ ಅದೇ ಯಂತ್ರಕ್ಕೆ ಲಾಗಿನ್ ಆದ ಎಲ್ಲರಿಗೂ ಲೋಕಲ್‌ಹೋಸ್ಟ್ ಒಂದೇ. ಬಂದವರು ಯಾರು ಎಂದು ಪೋರ್ಟ್ ಕೇಳುವುದೇ ಇಲ್ಲ.

ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲ್ಲ ವಿಭಾಗಗಳಿಗೂ ಒಂದೇ ಕಂಪ್ಯೂಟರ್ ಕೇಂದ್ರ ತೆರೆದದ್ದು 1970ರಲ್ಲಿ. ಅಲ್ಲಿಗೇ 2022ರ ಜನವರಿಯಲ್ಲಿ ಪರಮ್ ಪ್ರವೇಗ ಬಂತು. 3.3 ಪೆಟಾಫ್ಲಾಪ್ ಶಕ್ತಿ, ಅಂದರೆ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕ. ಇಂಥ ಯಂತ್ರವನ್ನು ಒಬ್ಬರಿಗೇ ಕೊಡಲು ಆಗುವುದಿಲ್ಲ.

ಪೋರ್ಟುಗಳಿಗೂ ಒಂದು ಕಾವಲು ಇದೆ. 1980ರ ದಶಕದ ಆರಂಭದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನಲ್ಲಿ ಒಂದು ನಿಯಮ ಮಾಡಿದರು: 1024ಕ್ಕಿಂತ ಕೆಳಗಿನ ನಂಬರನ್ನು ಯಂತ್ರದ ಯಜಮಾನ, ಅಂದರೆ 'ರೂಟ್' ಮಾತ್ರ ಹಿಡಿಯಬೇಕು. ಆ ನಂಬರಿನಿಂದ ಕರೆ ಬಂದರೆ ಆಚೆ ಕಡೆಯ ಯಂತ್ರ ನಂಬಬಹುದಿತ್ತು. ಕಂಪ್ಯೂಟರುಗಳು ಕಡಿಮೆ ಇದ್ದು, ಯಜಮಾನರು ಒಬ್ಬರಿಗೊಬ್ಬರು ಪರಿಚಯವಿದ್ದ ಕಾಲಕ್ಕೆ ಅದು ಸರಿ. ಇವತ್ತು ನಮ್ಮ ಲ್ಯಾಪ್‌ಟಾಪಿಗೆ ನಾವೇ ರೂಟ್; ಆ ನಂಬಿಕೆಗೆ ಬುಡವಿಲ್ಲ. 2017ರ ಲಿನಕ್ಸ್ 4.11ರಿಂದ ಈ ಗಡಿಯನ್ನು ಕೆಳಕ್ಕೆ ಇಳಿಸಲೂಬಹುದು. 8888ರಂಥ ಮೇಲಿನ ನಂಬರುಗಳಿಗಂತೂ ಅಂದೂ ಕಾವಲಿರಲಿಲ್ಲ, ಇಂದೂ ಇಲ್ಲ.

ಆ ರಾತ್ರಿ ನನ್ನ ಎದೆ ಧಸಕ್ಕೆಂದದ್ದು ಇದಕ್ಕೇ. ಅವಳು ಮೂರು ಸಲ ತನ್ನ ಟೋಕನ್ ಹಾಕಿದ್ದು ಬೇರೆಯವರ ಪುಟಕ್ಕೆ. ಆ ವಿದ್ಯಾರ್ಥಿಯ ತಪ್ಪೇನೂ ಇರಲಿಲ್ಲ. ಆದರೆ ಯಾರಾದರೂ ಬೇಕೆಂದೇ 8888 ಹಿಡಿದು ಜುಪಿಟರ್ ತರಹದ್ದೇ ನಕಲಿ ಪುಟ ಇಟ್ಟಿದ್ದರೆ? ಟೋಕನ್ ಅವರ ಕೈ ಸೇರುತ್ತಿತ್ತು. 8889ಕ್ಕೆ ಹೋಗಿ ಇವಳ ಹೆಸರಿನಲ್ಲಿಯೇ ಏನು ಬೇಕಾದರೂ ಓಡಿಸಬಹುದಿತ್ತು, ಎರಡು ವರ್ಷದ ಕೆಲಸ ಅಳಿಸಲೂಬಹುದಿತ್ತು.

ಇಂಥದ್ದಕ್ಕೆ ಹೆದರಿ ವಿದ್ಯಾರ್ಥಿಗಳು ಸರ್ವರ್ ಪ್ರೋಗ್ರಾಂ ಓಡಿಸಲೇಬಾರದು ಎನ್ನುವ ವ್ಯವಸ್ಥಾಪಕರಿದ್ದಾರೆ. ನಾನು ಒಪ್ಪುವುದಿಲ್ಲ. ಮೆಮೊರಿ, ಪ್ರೊಸೆಸರ್ ಒಬ್ಬರೇ ನುಂಗುತ್ತಾರೆಂಬ ಭಯಕ್ಕೆ 2008ರಿಂದಲೇ ಲಿನಕ್ಸ್‌ನಲ್ಲಿ ಸಿಗ್ರೂಪ್ ಎಂಬ ಅಳತೆಗೋಲಿದೆ. ಇಂತಿಷ್ಟೇ ಎಂದು ಪಾಲು ಹಾಕಿದರೆ ಆಯಿತು. ಪೋರ್ಟಿನ ಭಯಕ್ಕಂತೂ ಮದ್ದು ಯುನಿಕ್ಸ್‌ನಲ್ಲೇ ಇದೆ: ನಂಬರಿನ ಬದಲು ಫೈಲನ್ನೇ ಬಾಗಿಲು ಮಾಡಿಕೊಳ್ಳುವುದು. ಇದಕ್ಕೆ ಯುನಿಕ್ಸ್ ಸಾಕೆಟ್ ಎನ್ನುತ್ತಾರೆ. ಫೈಲು ಎಂದ ಮೇಲೆ ಅದಕ್ಕೆ ಒಡೆಯರೂ ಇರುತ್ತಾರೆ.

ಜುಪಿಟರ್ ನಿಲ್ಲಿಸಿ, ಈ ಸಲ ಅವಳ ಹೋಮ್ ಫೋಲ್ಡರಿನೊಳಗಿನ ಸಾಕೆಟ್ ಮೇಲೆ ಕಾಯಲು ಹೇಳಿದೆವು. ಅವಳು ಲಾಗಿನ್ ಆಗಲು ಬಳಸಿದ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಂ 2014ರಿಂದ ಲ್ಯಾಪ್‌ಟಾಪಿನಿಂದ ಇಂಥ ಫೈಲಿನವರೆಗೂ ಸುರಂಗ ತೋಡಿಕೊಡುತ್ತದೆ. ಫೈಲುಗಳ ಪಟ್ಟಿ ತೆಗೆದು ತೋರಿಸಿದೆ. ಸಾಲಿನ ಮೊದಲಿಗೆ ಸಾಕೆಟ್ಟಿನ 'ಎಸ್', ಆಮೇಲೆ ಓದಲು 'ಆರ್', ಬರೆಯಲು 'ಡಬ್ಲ್ಯು', ಮುಂದೆಲ್ಲ ಬರೀ ಅಡ್ಡಗೆರೆ. "ಈ ಗೀಟೆಲ್ಲಾ ಉಳಿದವ್ರಿಗಿ ಏನ್ ಮಾಮಾ?" ಎಂದಳು. ಹೌದು, ಮೊದಲನೆಯದೊಂದು ಬಿಟ್ಟು ಉಳಿದವರಿಗೆ.

ಪುಟ ತೆರೆದುಕೊಂಡಿತು. ಔರಾದ್, ಭಾಲ್ಕಿ, ಬೀದರ್ ತಾಲ್ಲೂಕುಗಳ ತೊಗರಿಯ ಗೆರೆಗಳು ಒಂದೊಂದಾಗಿ ಪರದೆಯ ಮೇಲೆ ಬರತೊಡಗಿದವು.