ಹಕ್ಕಿ ನೆತ್ತಿ ಯಾಕ ಬೋಳಾಗ್ತದ?

ನಿಮ್ಮ ಪಂಜರದಾಗಿನ ಹಕ್ಕಿ ತಲಿ ಹತ್ರದಿಂದ ನೋಡ್ರಿ. ನೆತ್ತಿ ಪುಕ್ಕ ಹೋಗಿ ಚರ್ಮ ಕಾಣ್ಲಿಕತ್ತದೇನು? ಎದಿ ಪುಕ್ಕ, ರೆಕ್ಕಿ ಪುಕ್ಕ ಹಕ್ಕಿ ತಾನೇ ಕಿತ್ಕೋಬಹುದು. ಆದ್ರ ತನ್ನ ನೆತ್ತಿಗಿ ತನ್ನ ಕೊಕ್ಕು ಮುಟ್ಟಂಗಿಲ್ಲ. ಹಂಗಾಗಿ ಮೊದಲ ಅನುಮಾನ ಪಂಜರದಾಗಿನ ಜೋಡಿ ಹಕ್ಕಿ ಮ್ಯಾಲೇ.

ಜಗಳ ಯಾಕ? ಜಾಗ ಸಣ್ಣದು, ಕಾಳಿನ ಬಟ್ಟಲು ಒಂದೇ, ಗೂಡಿನ ಪೆಟಗಿ ಒಂದೇ. ಅಂಗಡ್ಯಾಗ ಲವ್ ಬರ್ಡ್ಸ್ ಅಂತ ಮಾರೂ ಬಜರಿಗರ್‌ಗಳು ಅವ ನೋಡ್ರಿ, ಅದರಾಗ ಹೆಣ್ಣು ಹಕ್ಕಿಗಳು ಗೂಡಿಗಾಗಿ ರಕ್ತ ಬರೂತನಕ ಕಾದಾಡ್ತಾವ. ಅದರ ಮ್ಯಾಲ ನಮ್ಮ ಕಲಬುರಗಿ ಬಿಸಲು. ಮೇ ತಿಂಗಳಾಗ 40 ಡಿಗ್ರಿ ದಾಟತದ. ತಗಡಿನ ಕೆಳಗ ಪಂಜರ ತೂಗಬಿಟ್ರ ಪಾಪ, ಅವು ಹೆಂಗ ತಡಕೋಬೇಕು?

ಇವತ್ತೇ ಪಂಜರ ಬ್ಯಾರೆ ಮಾಡ್ರಿ. ಬಾಜೂಕೇ ಇಡ್ರಿ, ಒಂದರ ದನಿ ಒಂದಕ್ಕ ಕೇಳಲಿ. ಹೊಸದಾಗಿ ಮೂಡೂ ಪುಕ್ಕದ ಕಡ್ಡಿಯೊಳಗ ರಕ್ತ ಇರ್ತದ, ಮುರದ್ರ ಸೋರತದ. ಸ್ವಚ್ಛ ಹತ್ತಿಯಿಂದ ಮೆಲ್ಲಗ ಒತ್ತಿ ಹಿಡದು ಪಶು ಆಸ್ಪತ್ರೆಗೆ ಒಯ್ರಿ. ಎಣ್ಣಿ ಹಚ್ಚಬ್ಯಾಡ್ರಿ, ಪುಕ್ಕ ಅಂಟಿಕೊಂಡುಬಿಡ್ತಾವ.

ಇನ್ನೊಂದು ಮಾತು. ಕಮಲಾಪುರದ ಕೆಂಪು ಬಾಳಿ ತೋಟದ ಕಡಿ ಹಾರಾಡೂ ಹಸಿರು ಗಿಳಿ ನಮ್ಮ ಕಾಡಿನ ಹಕ್ಕಿ. ಅದನ್ನ ಹಿಡಿಯೂದು, ಮಾರೂದು, ಪಂಜರದಾಗ ಸಾಕೂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಿಮ್ಮನ್ಯಾಗ ಇದ್ರ ಸುಮ್ಮನ ಹಾರಿಸಿ ಬಿಡಬ್ಯಾಡ್ರಿ. ಪುಕ್ಕ ಹೋದ ಗಿಳಿ ಹೊರಗ ಬದುಕೂದು ಕಷ್ಟ. ಅರಣ್ಯ ಇಲಾಖೆಗೆ ಒಪ್ಪಿಸ್ರಿ.