ಹಳೆಯ ಡಿವಿಡಿಯ ಬೆಲೆ

1995ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣನು ಅಂತರಜಾಲದಲ್ಲಿ ಒಂದು ಹರಾಜುಕಟ್ಟೆಯನ್ನು ತೆರೆದನು. ಮುಂದೆ ಈಬೇ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಕಟ್ಟೆಯಲ್ಲಿ ಮೊದಲು ಬಿಕರಿಯಾದುದು ಅವನದೇ ಒಂದು ಕೆಟ್ಟುಹೋದ ಲೇಸರ್ ಕಡ್ಡಿ. ಅದಕ್ಕೆ 14.83 ಡಾಲರ್ ಬೆಲೆ ಬಂದಿತು. ವಸ್ತು ಕೆಟ್ಟಿರುವ ಸಂಗತಿ ತಿಳಿದಿದೆಯೇ ಎಂದು ಒಮಿಡ್ಯಾರನು ವಿಚಾರಿಸಿದಾಗ, ಕೆಟ್ಟ ಲೇಸರ್ ಕಡ್ಡಿಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸವೆಂದು ಕೊಂಡವನು ಉತ್ತರಿಸಿದನಂತೆ! ಒಬ್ಬನಿಗೆ ಬೇಡವಾದುದು ಮತ್ತೊಬ್ಬನಿಗೆ ಬೇಕಾಗಿರುತ್ತದೆ. ಅವರಿಬ್ಬರನ್ನೂ ಕೂಡಿಸುವುದರಲ್ಲಿಯೇ ಹಳೆಯ ಸಾಮಾನಿನ ವ್ಯಾಪಾರವೆಲ್ಲ ಅಡಗಿದೆ.

ಚಲನಚಿತ್ರಗಳನ್ನು ಅಡಕಗೊಳಿಸಿದ ಡಿವಿಡಿ ಎಂಬ ಬಿಲ್ಲೆ 1996ರಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಮಾರುಕಟ್ಟೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಮನೆಗಳ ಕಪಾಟುಗಳು ಇಂತಹ ಬಿಲ್ಲೆಗಳಿಂದ ತುಂಬಿಹೋದುವು. ಒಮ್ಮೆ ನೋಡಿ ಮುಗಿಸಿದ ಚಿತ್ರವನ್ನು ಏನು ಮಾಡುವುದು? 2000ದ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು ಹೊಸ ಸರಕಿನ ಪಕ್ಕದಲ್ಲಿಯೇ ಹಳೆಯದನ್ನೂ ಮಾರಲು ಇತರರಿಗೆ ಅವಕಾಶವಿತ್ತಿತು. ಅಂದಿನಿಂದ ಬಳಸಿದ ಡಿವಿಡಿಗಳ ಮಾರಾಟವು ದೊಡ್ಡ ವ್ಯಾಪಾರವಾಗಿ ಬೆಳೆಯಿತು.

ಇಪ್ಪತ್ತು ಡಾಲರ್ ಕೊಟ್ಟು ಕೊಂಡ ಬಿಲ್ಲೆಗೆ ಹತ್ತಾದರೂ ಬಂದೀತೆಂದು ಹೊಸಬನು ಆಶಿಸುವುದು ಸಹಜ. ಆದರೆ ಪೇಟೆಗೆ ಅವನು ಕೊಟ್ಟ ಹಣದ ನೆನಪಿರುವುದಿಲ್ಲ. ಜನಪ್ರಿಯ ಚಿತ್ರವೊಂದರ ಪ್ರತಿಗಳು ಲಕ್ಷಗಟ್ಟಲೆ ಅಚ್ಚಾಗಿರುತ್ತವೆ. ನೋಡಿ ಮುಗಿಸಿದವರೆಲ್ಲರೂ ಅದನ್ನು ಮಾರಲು ಮುಂದಾಗುತ್ತಾರೆ. ಒಬ್ಬನು ಬೆಲೆಯನ್ನು ಇಳಿಸಿದರೆ ಮತ್ತೊಬ್ಬನು ಇನ್ನೂ ಇಳಿಸುತ್ತಾನೆ. ಹೀಗೆ ಇಳಿದು ಇಳಿದು, ಒಂದು ಕಾಲಕ್ಕೆ ಒಂದೇ ಒಂದು ಸೆಂಟಿಗೆ ಡಿವಿಡಿಗಳು ಮಾರಾಟಕ್ಕಿದ್ದುವು. ಕೊಳ್ಳುವವನು ಬೇರೆಯಾಗಿ ತೆರುತ್ತಿದ್ದ ಸಾಗಣೆಯ ಹಣದಲ್ಲಿ, ಅಂಚೆಯ ಖರ್ಚು ಕಳೆದು ಉಳಿದ ಚಿಲ್ಲರೆಯೇ ಮಾರುವವನ ಲಾಭ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಡಿಸ್ನಿ ಸಂಸ್ಥೆಯು ತನ್ನ ಪ್ರಸಿದ್ಧ ಚಿತ್ರಗಳನ್ನು ಕೆಲವು ಕಾಲ ಮಾರಿ, ಅನಂತರ ಹಲವು ವರ್ಷಗಳವರೆಗೆ ಪೇಟೆಯಿಂದ ಹಿಂತೆಗೆದುಕೊಳ್ಳುವ ಪದ್ಧತಿಯನ್ನು ಇರಿಸಿಕೊಂಡಿತ್ತು. ಹೊಸ ಪ್ರತಿ ದೊರೆಯದಿದ್ದಾಗ ಹಳೆಯ ಪ್ರತಿಯ ಬೆಲೆ ಏರುತ್ತಿತ್ತು. ಚಿತ್ರವು ಮರಳಿ ಬಿಡುಗಡೆಯಾದೊಡನೆ ಕುಸಿಯುತ್ತಿತ್ತು. ಬಿಲ್ಲೆಯಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ.

ಬೆಲೆ ಕಟ್ಟುವಾಗ ಇತರರು ಕೇಳುತ್ತಿರುವ ಬೆಲೆಯನ್ನೇ ನಂಬುವುದು ಅಪಾಯ. 2011ರ ಏಪ್ರಿಲಿನಲ್ಲಿ ಅಮೆಜಾನಿನಲ್ಲಿ ನೊಣದ ಬೆಳವಣಿಗೆಯನ್ನು ಕುರಿತ ಪುಸ್ತಕವೊಂದರ ಹೊಸ ಪ್ರತಿಗೆ 2,36,98,655 ಡಾಲರಿಗೂ ಮಿಗಿಲಾದ ಬೆಲೆ ನಮೂದಾಗಿತ್ತು. ಇಬ್ಬರು ವ್ಯಾಪಾರಿಗಳ ಗಣಕಯಂತ್ರಗಳು ಒಂದರ ಬೆಲೆಯನ್ನು ನೋಡಿ ಇನ್ನೊಂದು ದಿನದಿನವೂ ಏರಿಸುತ್ತ ಹೋದುದೇ ಇದಕ್ಕೆ ಕಾರಣ. ಅದೇ ಪುಸ್ತಕದ ಬಳಸಿದ ಪ್ರತಿ ಸುಮಾರು 35 ಡಾಲರಿಗೆ ಸಿಗುತ್ತಿತ್ತು! ಆದುದರಿಂದ ಅನುಭವಸ್ಥರು ನೋಡುವುದು ಕೇಳಿದ ಬೆಲೆಯನ್ನಲ್ಲ, ನಿಜವಾಗಿ ಮಾರಾಟವಾದ ಬೆಲೆಯನ್ನು.

ಇನ್ನು ವಸ್ತುವಿನ ಸ್ಥಿತಿಗತಿ. ಸಂತೆಯಲ್ಲಿ ಕೊಳ್ಳುವವನು ವಸ್ತುವನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡುತ್ತಾನೆ. ಅಂತರಜಾಲದಲ್ಲಿ ಅವನಿಗೆ ದೊರೆಯುವುದು ಮಾರುವವನ ಮಾತು, ಹೆಚ್ಚೆಂದರೆ ಒಂದು ಛಾಯಾಚಿತ್ರ. ಡಿವಿಡಿಯ ದಪ್ಪ 1.2 ಮಿಲಿಮೀಟರು, ಅರ್ಧರ್ಧ ದಪ್ಪದ ಎರಡು ಪದರಗಳನ್ನು ಅಂಟಿಸಿ ಅದನ್ನು ಮಾಡಿರುತ್ತಾರೆ. ಚಿತ್ರದ ಮಾಹಿತಿ ಇರುವುದು ಈ ಎರಡರ ನಡುವೆ. ಮೇಲ್ಮೈಯ ಸಣ್ಣ ಗೀರಿನಿಂದ ಹೆಚ್ಚು ಹಾನಿಯಿಲ್ಲ. ಆಳವಾದ ಗೀರಿದ್ದರೆ ಚಿತ್ರವು ನಡುವೆಯೇ ನಿಂತುಬಿಡಬಹುದು. ಯಾವ ಗೀರು ಎಂತಹುದೆಂಬುದು ಮಾರುವವನಿಗೆ ಮಾತ್ರ ಗೊತ್ತು.

ಇಂತಹ ಪೇಟೆಯ ಗತಿ ಏನಾಗಬಹುದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫರು 1970ರಲ್ಲಿಯೇ ಹಳೆಯ ಮೋಟಾರುಗಾಡಿಗಳ ಉದಾಹರಣೆಯಿಂದ ತೋರಿಸಿದ್ದರು. ಒಳ್ಳೆಯದು ಯಾವುದು, ಕೆಟ್ಟದು ಯಾವುದು ಎಂದು ತಿಳಿಯದ ಗಿರಾಕಿಯು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯನ್ನು ಕೊಡಲು ಒಡೆಯನಿಗೆ ಮನಸ್ಸು ಬಾರದು. ಕಡೆಗೆ ಪೇಟೆಯಲ್ಲಿ ಉಳಿಯುವುದು ಕೆಟ್ಟ ಸರಕು ಮಾತ್ರ. ಈ ವಿಚಾರಕ್ಕಾಗಿ ಅವರಿಗೆ 2001ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಹಾಗಾದರೆ ಅಂತರಜಾಲದ ಪೇಟೆ ಹಾಳಾಗದೆ ಉಳಿದುದು ಹೇಗೆ? 1996ರಲ್ಲಿಯೇ ಒಮಿಡ್ಯಾರನು ಕೊಂಡವರೂ ಮಾರಿದವರೂ ಪರಸ್ಪರರನ್ನು ಕುರಿತು ಎಲ್ಲರಿಗೂ ಕಾಣುವಂತೆ ಅಭಿಪ್ರಾಯ ಬರೆಯುವ ಏರ್ಪಾಡನ್ನು ಮಾಡಿದ್ದನು. ಈ ಹೆಸರಿಗೆ ಎಷ್ಟು ಬೆಲೆಯೆಂಬುದನ್ನು ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಪ್ರಯೋಗದಿಂದಲೇ ಅಳೆದರು. ಹಳೆಯ ಅಂಚೆಕಾರ್ಡುಗಳನ್ನು ಮಾರುತ್ತಿದ್ದ ಹೆಸರಾಂತ ವ್ಯಾಪಾರಿಯೊಬ್ಬನು ಒಂದೇ ಬಗೆಯ ಕಾರ್ಡುಗಳಲ್ಲಿ ಕೆಲವನ್ನು ತನ್ನ ಹೆಸರಿನಲ್ಲಿಯೂ ಕೆಲವನ್ನು ಯಾರೂ ಅರಿಯದ ಹೊಸ ಹೆಸರುಗಳಲ್ಲಿಯೂ ಹರಾಜಿಗಿಟ್ಟನು. ಪರಿಚಿತ ಹೆಸರಿಗೆ ಗಿರಾಕಿಗಳು ಶೇಕಡಾ 8.1ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರೆಂದು 2006ರಲ್ಲಿ ಪ್ರಕಟವಾಯಿತು. ಗೀರನ್ನು ಗೀರೆಂದೇ ಬರೆಯುವ ವ್ಯಾಪಾರಿ ಆ ಬಿಲ್ಲೆಯಲ್ಲಿ ಕೊಂಚ ಕಳೆದುಕೊಂಡರೂ ಮುಂದಿನ ನೂರು ಬಿಲ್ಲೆಗಳಲ್ಲಿ ಅದನ್ನು ಮರಳಿ ಪಡೆಯುತ್ತಾನೆ.

ಈ ವ್ಯಾಪಾರವೆಲ್ಲ ನಿಂತಿರುವುದು ಒಂದು ಹಳೆಯ ತೀರ್ಪಿನ ಮೇಲೆ. ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಪ್ರಕಾಶಕರು ಅಚ್ಚುಹಾಕಿಸಿದ್ದ ಕಾದಂಬರಿಯನ್ನು ನ್ಯೂಯಾರ್ಕಿನ ಅಂಗಡಿಯೊಂದು 89 ಸೆಂಟಿಗೆ ಮಾರಿತು. ಒಮ್ಮೆ ಮಾರಿದ ಪ್ರತಿಯ ಮರುಮಾರಾಟವನ್ನು ನಿಯಂತ್ರಿಸುವ ಹಕ್ಕು ಪ್ರಕಾಶಕರಿಗಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1908ರಲ್ಲಿ ತೀರ್ಮಾನಿಸಿತು. ಆದರೆ ಗಣಕಯಂತ್ರಕ್ಕೆ ಇಳಿಸಿಕೊಂಡ ಸಂಗೀತವನ್ನು ಮರುಮಾರಾಟ ಮಾಡುವ ಪ್ರಯತ್ನ ನಡೆದಾಗ, ಹಾಗೆ ವರ್ಗಾಯಿಸುವುದೆಂದರೆ ಹೊಸ ಪ್ರತಿಯನ್ನೇ ತೆಗೆದಂತೆ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವು 2018ರಲ್ಲಿ ಅದನ್ನು ತಡೆಯಿತು. ಕಪಾಟಿನಲ್ಲಿರುವ ಬಿಲ್ಲೆಗೆ ಇರುವ ಸ್ವಾತಂತ್ರ್ಯವು ಜಾಲದ ಮೂಲಕ ಮನೆಗೆ ಹರಿದುಬರುವ ಚಿತ್ರಕ್ಕೆ ಇಲ್ಲ.

ಅಂಚೆಯ ಮೂಲಕ ಡಿವಿಡಿಗಳನ್ನು ಬಾಡಿಗೆಗೆ ಕಳುಹಿಸುತ್ತಿದ್ದ ನೆಟ್‌ಫ್ಲಿಕ್ಸ್ ಸಂಸ್ಥೆಯು 2023ರ ಸೆಪ್ಟೆಂಬರ್ 29ರಂದು ಕೊನೆಯ ಬಿಲ್ಲೆಗಳನ್ನು ರವಾನಿಸಿತು. ಅವನ್ನು ಹಿಂದಿರುಗಿಸಬೇಕಾಗಿಲ್ಲವೆಂದೂ ಗಿರಾಕಿಗಳಿಗೆ ತಿಳಿಸಿತು.