ಒತ್ತಡಕ್ಕೆ ಕಾವಲು ಕೂರುವ ಹಕ್ಕು ಯಾರಿಗೆ?

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಸಿಪಿಯು, ಮೆಮೊರಿ, ಡಿಸ್ಕ್‌ಗಳನ್ನು ಪ್ರೋಗ್ರಾಮ್‌ಗಳಿಗೆ ಹಂಚಿಕೊಡುವುದು ಅದರ ಕೆಲಸ. ಹಂಚಿದ್ದು ಸಾಲದೆ ಹೋದಾಗ ಪ್ರೋಗ್ರಾಮ್‌ಗಳು ಕಾಯಬೇಕಾಗುತ್ತದೆ. ಹಾಗೆ ಕಾದು ಕಳೆದ ಹೊತ್ತಿನ ಲೆಕ್ಕ ಇಡಲು ಲಿನಕ್ಸ್ ಕರ್ನಲ್‌ನಲ್ಲಿ ಒಂದು ವ್ಯವಸ್ಥೆ ಇದೆ: ಪ್ರೆಶರ್ ಸ್ಟಾಲ್ ಇನ್ಫರ್ಮೇಶನ್, ಚುಟುಕಾಗಿ ಪಿಎಸ್‌ಐ. (ಠಾಣೆಯ ಪಿಎಸ್‌ಐಗೂ ಇದಕ್ಕೂ ನಂಟಿಲ್ಲ.) ಫೇಸ್‌ಬುಕ್‌ನಲ್ಲಿದ್ದ ಯೋಹಾನೆಸ್ ವೈನರ್ ಇದನ್ನು ಬರೆದರು. 2018ರ ಡಿಸೆಂಬರ್‌ನಲ್ಲಿ ಬಂದ 4.20ನೇ ಆವೃತ್ತಿಯಲ್ಲಿ ಇದು ಲಿನಕ್ಸ್‌ಗೆ ಸೇರಿತು.

ಹೊಸಬರು ಮೊದಲು ಎಡವುವುದು ಬಳಕೆ ಮತ್ತು ಒತ್ತಡ ಎರಡನ್ನೂ ಒಂದೇ ಎಂದುಕೊಳ್ಳುವಲ್ಲಿ. ಹೋಟೆಲಿನ ಎಲ್ಲ ಟೇಬಲ್‌ಗಳೂ ಭರ್ತಿ, ಆದರೆ ಬಾಗಿಲಲ್ಲಿ ಒಬ್ಬರೂ ನಿಂತಿಲ್ಲ ಎಂದರೆ ಬಳಕೆ ನೂರು, ಒತ್ತಡ ಸೊನ್ನೆ. ನಾಲ್ಕು ಕೋರ್‌ಗಳ ಕಂಪ್ಯೂಟರಿನಲ್ಲಿ ನಾಲ್ಕು ಪ್ರೋಗ್ರಾಮ್‌ಗಳು ಎಡೆಬಿಡದೆ ಓಡುತ್ತಿದ್ದರೆ ಸಿಪಿಯು ಬಳಕೆ ನೂರಕ್ಕೆ ನೂರು, ಕಾಯುವವರು ಮಾತ್ರ ಯಾರೂ ಇಲ್ಲ. ಅಂಥ ಪ್ರೋಗ್ರಾಮ್‌ಗಳು ಎಂಟಾದರೂ ಬಳಕೆ ಅದೇ ನೂರರಲ್ಲಿ ನಿಂತಿರುತ್ತದೆ, ಒತ್ತಡವೋ ಸೊನ್ನೆಯಿಂದ ನೂರರ ಹತ್ತಿರಕ್ಕೆ ಜಿಗಿದಿರುತ್ತದೆ. ಬಳಕೆಯ ಅಂಕಿ ಮುಚ್ಚಿಟ್ಟದ್ದನ್ನು ಒತ್ತಡದ ಅಂಕಿ ಬಿಚ್ಚಿಡುತ್ತದೆ. ನನಗೆ ಈ ವಿಷಯ ಇಷ್ಟವಾದದ್ದೇ ಅದಕ್ಕೆ.

ಪ್ರೊಕ್ ಎಂಬ ಕಡತವ್ಯವಸ್ಥೆಯ ಪ್ರೆಶರ್ ಫೋಲ್ಡರಿನಲ್ಲಿ ಸಿಪಿಯು, ಮೆಮೊರಿ, ಐಒ ಎಂಬ ಕಡತಗಳಿವೆ. ಅವುಗಳಲ್ಲಿ 'ಸಮ್' ಎಂಬ ಸಾಲು ಕನಿಷ್ಠ ಒಂದು ಪ್ರೋಗ್ರಾಮ್ ಕಾಯುತ್ತಿದ್ದ ಹೊತ್ತನ್ನು ಹೇಳುತ್ತದೆ. ಕೆಲಸವಿದ್ದ ಪ್ರೋಗ್ರಾಮ್‌ಗಳೆಲ್ಲ ಒಟ್ಟಿಗೆ ಸಿಕ್ಕಿಬಿದ್ದಿದ್ದ ಹೊತ್ತು 'ಫುಲ್' ಸಾಲಿನಲ್ಲಿರುತ್ತದೆ. ಪ್ರತಿ ಸಾಲಿನಲ್ಲೂ 10, 60 ಮತ್ತು 300 ಸೆಕೆಂಡುಗಳ ಸರಾಸರಿ, ಕೊನೆಗೆ ಮೈಕ್ರೋಸೆಕೆಂಡಿನಲ್ಲಿ ಒಟ್ಟು ಮೊತ್ತ. ಇವನ್ನು ಯಾರು ಬೇಕಾದರೂ ಓದಬಹುದು.

ಬರೆಯುವುದು ಬೇರೆಯದೇ ಕತೆ. ಅಂಕಿಗಳನ್ನು ತೋರಿಸುವ ಕಡತಕ್ಕೆ ಬರೆಯುವುದೇನು ಎಂದು ಕೇಳುವಿರಿ. ಬರೆಯುವುದು ಇಲ್ಲಿ ಕಾವಲು ಹಚ್ಚುವ ವಿಧಾನ. 2019ರ 5.2 ಆವೃತ್ತಿಯಲ್ಲಿ ಗೂಗಲ್‌ನ ಸುರೇನ್ ಬಗ್ದಸರ್ಯಾನ್ ಇದನ್ನು ಸೇರಿಸಿದರು. ಮೆಮೊರಿ ಕಡತವನ್ನು ತೆರೆದು 'ಸಮ್ 150000 1000000' ಎಂದು ಬರೆದರೆ, ಯಾವುದೇ ಒಂದು ಸೆಕೆಂಡಿನ ಅವಧಿಯಲ್ಲಿ ಕಾಯುವಿಕೆ 150 ಮಿಲಿಸೆಕೆಂಡು ಮುಟ್ಟಿದರೆ ನನ್ನನ್ನು ಎಬ್ಬಿಸು ಎಂದು ಕರ್ನಲ್‌ಗೆ ಹೇಳಿದಂತೆ. ಅವಧಿ ಹತ್ತು ಸೆಕೆಂಡು ಮೀರಬಾರದು. ಅರ್ಧ ಸೆಕೆಂಡಿಗಿಂತ ಕಡಿಮೆ ಇರಬಾರದು ಎಂಬ ಕಟ್ಟೂ 2023ರವರೆಗೆ ಇತ್ತು. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನಿನಲ್ಲಿ ಮೆಮೊರಿ ಸಾಲದಾದಾಗ ಯಾವ ಆ್ಯಪ್ ಮುಚ್ಚಬೇಕೆಂದು ನಿರ್ಧರಿಸುವ ಎಲ್‌ಎಂಕೆಡಿ ಹೀಗೆಯೇ ಎಚ್ಚರಗೊಳ್ಳುತ್ತದೆ.

ಈ ಕಾವಲಿನ ಒಳಗುಟ್ಟು ಸ್ವಲ್ಪ ನಿಧಾನವಾಗಿ ನೋಡುವಂಥದ್ದು. ಯಂತ್ರ ಉಸಿರುಗಟ್ಟಿದಾಗಲೇ ಕಾವಲುಗಾರ ಚುರುಕಾಗಿರಬೇಕು. ಅವನೂ ಉಳಿದವರ ಜೊತೆ ಸರದಿಯಲ್ಲಿ ನಿಂತರೆ ಸುದ್ದಿ ಮುಟ್ಟುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅದಕ್ಕಾಗಿ ಕರ್ನಲ್ 'ಪಿಎಸ್‌ಐಮಾನ್' ಎಂಬ ತನ್ನದೇ ಥ್ರೆಡ್ ಒಂದನ್ನು ಹುಟ್ಟಿಸಿ ಅದಕ್ಕೆ ರಿಯಲ್‌ಟೈಮ್ ಆದ್ಯತೆ ಕೊಡುತ್ತದೆ. ಸಾಮಾನ್ಯ ಪ್ರೋಗ್ರಾಮ್‌ಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಅದು ಓಡಬಲ್ಲದು. ಒಂದು ಅವಧಿಯಲ್ಲಿ ಹತ್ತು ಸಲ ಲೆಕ್ಕ ನೋಡುತ್ತದೆ. ಅರ್ಧ ಸೆಕೆಂಡಿನ ಅವಧಿಯಾದರೆ 50 ಮಿಲಿಸೆಕೆಂಡಿಗೊಮ್ಮೆ. ಒತ್ತಡವಿಲ್ಲದಾಗ ಮಲಗಿರುತ್ತದೆ, ಒತ್ತಡ ಶುರುವಾದೊಡನೆ ಏಳುತ್ತದೆ. ಎಂದರೆ ಯಂತ್ರಕ್ಕೆ ಒಂದಿಷ್ಟೂ ಬಿಡುವಿಲ್ಲದ ಗಳಿಗೆಯಲ್ಲೇ ಅದರ ಖರ್ಚೂ ಬಂದು ಬೀಳುತ್ತದೆ!

ಬರೆಯುವ ಹಕ್ಕನ್ನು ಬಿಗಿಹಿಡಿದದ್ದೇಕೆ ಎಂದು ಈಗ ತಿಳಿದಿರಬೇಕು. ಇಲ್ಲಿ ಗುಟ್ಟು ಕಾಯುವ ಮಾತೇ ಇಲ್ಲ. ಓದಲು ಎಲ್ಲರಿಗೂ ಬಿಟ್ಟ ಅಂಕಿಯನ್ನೇ ಕಾವಲೂ ನೋಡುತ್ತದೆ. ಸಿಕ್ಕಸಿಕ್ಕ ಬಳಕೆದಾರರು ಕರ್ನಲ್‌ನಿಂದ ರಿಯಲ್‌ಟೈಮ್ ದುಡಿಮೆ ಮಾಡಿಸಬಾರದು ಎಂಬುದೇ ಆತಂಕ. ಮೊದಲು ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಿಗೆ ಮಾತ್ರ ಅವಕಾಶವಿತ್ತು. 2021ರಲ್ಲಿ, ರೂಟ್ ಅಲ್ಲದಿದ್ದರೂ 'ಕ್ಯಾಪ್ ಸಿಸ್ ರಿಸೋರ್ಸ್' ಎಂಬ ಬಿಡಿ ಅಧಿಕಾರ ಇದ್ದರೆ ಸಾಕು ಎಂದಾಯಿತು. ಇದಕ್ಕಾಗಿ ಕಡತದ ಮೇಲಿನ ಅನುಮತಿಯನ್ನು ಎಲ್ಲರೂ ಬರೆಯಬಹುದು ಎಂದು ಸಡಿಲಿಸಿ, ನಿಜವಾದ ತಪಾಸಣೆಯನ್ನು ಕರ್ನಲ್‌ನ ಒಳಕ್ಕೆ ಒಯ್ದರು. 2023ರವರೆಗೆ, ಪಟ್ಟಿ ಮಾಡಿ ನೋಡಿದರೆ ಕಡತ ಎಲ್ಲರಿಗೂ ಮುಕ್ತವಾಗಿತ್ತು, ಬರೆಯಲು ತೆರೆಯಹೋದರೆ ಅನುಮತಿ ಇರಲಿಲ್ಲ! ಕಡತದ ಅನುಮತಿ ಅಕ್ಷರಗಳೇ ಕೊನೆಯ ಮಾತು ಎಂದು ಕಲಿತು ಬಂದವರು ಇಲ್ಲಿ ತಲೆ ಕೆರೆದುಕೊಳ್ಳುವುದನ್ನು ನಾನು ಬಹಳ ಸಲ ನೋಡಿದ್ದೇನೆ.

2023ರಲ್ಲಿ ಬಂದ ಬದಲಾವಣೆ ನನ್ನ ಮೆಚ್ಚಿನದು. ಮೆಟಾದ ಡೊಮೆನಿಕೊ ಚೆರಾಸುವೊಲೊ ಬರೆದ ತಿದ್ದುಪಡಿ ಸಾಮಾನ್ಯ ಬಳಕೆದಾರರಿಗೂ ಕಾವಲಿನ ಹಕ್ಕು ಕೊಟ್ಟಿತು. ಷರತ್ತು ಒಂದೇ: ಅವಧಿ ಎರಡು ಸೆಕೆಂಡಿನ ಗುಣಕವಾಗಿರಬೇಕು. ಎರಡೇ ಯಾಕೆ? ಕಡತದಲ್ಲಿ ಕಾಣುವ ಸರಾಸರಿಗಳನ್ನು ಕರ್ನಲ್ ಹೇಗೂ ಎರಡು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತಿರುತ್ತದೆ. ಅದೇ ಸುತ್ತಿನಲ್ಲಿ ಇವರ ಕಾವಲನ್ನೂ ನೋಡಿ ಮುಗಿಸಿದರೆ ಹೊಸ ಥ್ರೆಡ್ ಬೇಡ, ಆದ್ಯತೆಯೂ ಬೇಡ. ಕೊಡುವುದೋ ಬೇಡವೋ ಎಂದು ಜಗ್ಗಾಡುವ ಬದಲು, ಖರ್ಚು ಯಾವ ಭಾಗದಲ್ಲಿದೆ ಎಂದು ಹುಡುಕಿ ಅಷ್ಟಕ್ಕೆ ಮಾತ್ರ ಬೀಗ ಹಾಕಿದ್ದಾರೆ.

ಇಲ್ಲಿಯೂ ಎರಡು ಸೂಕ್ಷ್ಮಗಳಿವೆ. ಅಧಿಕಾರವಿಲ್ಲದವರು ಒಂದು ಸೆಕೆಂಡಿನ ಅವಧಿ ಕೇಳಿದರೆ ಬರುವ ಉತ್ತರ 'ಅನುಮತಿ ಇಲ್ಲ' ಎಂದಲ್ಲ, 'ಮೌಲ್ಯ ಸರಿಯಿಲ್ಲ' ಎಂದು. ಬರೆದ ಸಾಲಿನಲ್ಲಿ ತಪ್ಪೇನಿದೆ ಎಂದು ಹುಡುಕುತ್ತ ಕೂತರೆ ಸಂಜೆಯಾಗುತ್ತದೆ. ಇನ್ನೊಂದು, ಕರ್ನಲ್ ಪರೀಕ್ಷಿಸುವುದು ಕಡತವನ್ನು ತೆರೆದವರ ಅಧಿಕಾರವನ್ನು, ಆ ಗಳಿಗೆಯಲ್ಲಿ ಬರೆಯುತ್ತಿರುವವರದನ್ನಲ್ಲ. ತೆರೆದ ಕಡತವನ್ನು ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ದಾಟಿಸಬಹುದು. ಬರೆಯುವವರನ್ನು ನೋಡಿ ಬಿಟ್ಟರೆ, ದೊಡ್ಡ ಅಧಿಕಾರದ ಪ್ರೋಗ್ರಾಮ್ ಒಂದನ್ನು ಮರುಳುಮಾಡಿ ಅದರ ಕೈಯಿಂದ ಬರೆಸಿಬಿಡಬಹುದಲ್ಲ.

ಬಿಗಿ ಮಾಡಿದ್ದು ಅತಿಯಾಯಿತೇನೋ ಎನ್ನುವವರು 2022ರ ಆರಂಭದ ದುರಸ್ತಿಯನ್ನೂ ನೋಡಬೇಕು. ಅಲ್ಲಿಯವರೆಗೆ, ತೆರೆದ ಒಂದೇ ಕಡತಕ್ಕೆ ಎರಡನೇ ಸಲ ಬರೆದರೆ ಹಳೆಯ ಕಾವಲು ಅಳಿದು ಹೊಸದು ಬರುತ್ತಿತ್ತು. ಹಳೆಯದರ ಮೇಲೆ ಕಾಯುತ್ತಿದ್ದವರು ಅಳಿದುಹೋದ ಮೆಮೊರಿಯನ್ನೇ ಹಿಡಿದು ನಿಂತಿರುತ್ತಿದ್ದರು. ಸಿವಿಇ-2022-2938 ಎಂದು ದಾಖಲಾದ ದೋಷ ಇದೇ. ಒಮ್ಮೆ ತೆರೆದ ಕಡತಕ್ಕೆ ಈಗ ಒಂದೇ ಕಾವಲು, ಇನ್ನೊಂದು ಬೇಕಾದರೆ ಮತ್ತೆ ತೆರೆಯಬೇಕು.

ಇನ್ನು ಓದುವ ಬಾಗಿಲು. ಅದು ತೆರೆದೇ ಇದೆ, ನನಗೆ ಅಷ್ಟು ನೆಮ್ಮದಿ ಇಲ್ಲದಿರುವುದೂ ಅಲ್ಲೇ. ಹಲವರು ಹಂಚಿಕೊಂಡ ಸರ್ವರಿನಲ್ಲಿ ಮೈಕ್ರೋಸೆಕೆಂಡಿನ ಮೊತ್ತವನ್ನು ಪದೇಪದೇ ಓದಿದರೆ ನೆರೆಯವರು ಯಾವಾಗ ದುಡಿಯುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂಬ ಅಂದಾಜು ಸಿಗುತ್ತದೆ. ಪಿಎಸ್‌ಐ ಓದಿ ಕೀಲಿ ಕದ್ದರು ಎಂದು ಹೇಳುತ್ತಿಲ್ಲ. ಆದರೆ ನಿರುಪದ್ರವಿ ಎನಿಸಿದ ಮಾಪನಗಳು ಕೈಕೊಟ್ಟದ್ದುಂಟು. ಇಂಟೆಲ್ ಪ್ರೊಸೆಸರ್ ಎಷ್ಟು ವಿದ್ಯುತ್ ಬಳಸಿತು ಎಂಬ ಲೆಕ್ಕವನ್ನು ಲಿನಕ್ಸ್ ಎಲ್ಲರಿಗೂ ತೋರಿಸುತ್ತಿತ್ತು. ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು ಮತ್ತು ಅವರ ಸಂಗಡಿಗರು ಅಂಥ ಲೆಕ್ಕದಿಂದಲೇ ಗೂಢಲಿಪಿಯ ಕೀಲಿಗಳನ್ನು ಹೊರತೆಗೆಯಬಹುದೆಂದು 2020ರ ನವೆಂಬರ್‌ನಲ್ಲಿ ತೋರಿಸಿದರು. ಪ್ಲಾಟಿಪಸ್ ಎಂದು ಹೆಸರಾದ ದಾಳಿ ಅದು. ಆಮೇಲೆ ಆ ಲೆಕ್ಕದ ಕಡತ ರೂಟ್‌ಗೆ ಮಾತ್ರವಾಯಿತು. ಆಂಡ್ರಾಯ್ಡ್‌ನಲ್ಲಿ ಪ್ರೆಶರ್ ಕಡತಗಳಿಗೆ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ನಿಯಮಗಳ ಬೇಲಿ ಇದೆ. ಹಂಚಿಕೆಯ ಸರ್ವರ್ ನಡೆಸುವವರೂ ಅಂಥದ್ದೊಂದು ಬೇಲಿ ಹಾಕಿಕೊಳ್ಳುವುದು ಲೇಸು.

ಮನೆಯಲ್ಲಿ ಲಿನಕ್ಸ್ ಇದ್ದರೆ ಆ ಮೂರು ಕಡತಗಳನ್ನು ಇವತ್ತೇ ತೆರೆದು ನೋಡಿ. ಫೋಲ್ಡರೇ ಕಾಣದಿದ್ದರೆ ನಿಮ್ಮ ಕರ್ನಲ್‌ನಲ್ಲಿ ಪಿಎಸ್‌ಐ ಆಫ್ ಮಾಡಿಟ್ಟಿರಬಹುದು. ಕಂಪ್ಯೂಟರ್ ಏಳುವಾಗ ಕರ್ನಲ್‌ಗೆ ಕೊಡುವ ಸೂಚನೆಗಳಲ್ಲಿ ಪಿಎಸ್‌ಐ ಬೆಲೆಯನ್ನು 1 ಎಂದು ಸೇರಿಸಿ. ಆಮೇಲೆ ಕರ್ನಲ್ ಮೂಲದ ಶೆಡ್ಯೂಲರ್ ವಿಭಾಗದಲ್ಲಿ ಪಿಎಸ್‌ಐ ಹೆಸರಿನ ಸಿ ಕಡತವನ್ನು ಹುಡುಕಿ. ತಲೆಭಾಗದಲ್ಲೇ ಇರುವ ಉದ್ದದ ಟಿಪ್ಪಣಿ ಸಮ್ ಮತ್ತು ಫುಲ್‌ಗಳ ಗಣಿತವನ್ನು ಬಿಡಿಸಿಡುತ್ತದೆ. ಎರಡು ಸೆಕೆಂಡಿನ ಷರತ್ತು ಇರುವುದು ಒಂದೇ 'ಇಫ್' ಹೇಳಿಕೆಯಲ್ಲಿ, ಅದನ್ನು ನೀವೇ ಪತ್ತೆ ಮಾಡಿ.